ಹಸಿರು ಬಟ್ಟೆಯ ಮುಂದೆ ಕೂತ ಮುಂಡಪ್ಪ

ಬೆಳುವಾಯಿಯ ಮುಂಡಪ್ಪನನ್ನು ಊರಿನವರು ಇವತ್ತಿಗೂ ದುಬೈ ಮುಂಡಪ್ಪ ಎಂದೇ ಕರೆಯುತ್ತಾರೆ. ಅವನು ದುಬೈ ನೋಡಿದವನಲ್ಲ. ಅವನ ಕಾಲು ಮುಂಬೈಯಿಂದ ಆಚೆಗೆ ಹೋಗಲೇ ಇಲ್ಲ. ಆದರೆ ದುಬೈಯ ಕಡಲ ಬದಿಯಲ್ಲಿ, ಗಾಜಿನ ಕಟ್ಟಡಗಳನ್ನು ಬೆನ್ನಿಗೆ ಹಾಕಿಕೊಂಡು ಅವನು ಮಾತಾಡಿದ್ದನ್ನು ಕಣ್ಣಾರೆ ಕಂಡವರು ಬೆಳುವಾಯಿಯಲ್ಲಿ ಒಂದು ದಿಬ್ಬಣಕ್ಕೆ ಆಗುವಷ್ಟು ಇದ್ದಾರೆ. ಕಂಡದ್ದೆಲ್ಲ ನಿಜವಲ್ಲ ಎಂದು ಹಿರಿಯರು ಹೇಳಿದಾಗ ತಲೆಯಾಡಿಸಿದವರೇ ನಾವೆಲ್ಲ. ಟಿ.ವಿ.ಯಲ್ಲಿ ಕಂಡರೆ ಮಾತ್ರ ಆ ಮಾತು ಮರೆತುಹೋಗುತ್ತದೆ.

ಮುಂಡಪ್ಪನ ಕಥೆಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಒಬ್ಬೊಬ್ಬರು ಒಂದೊಂದು ಬಾಲ ಸೇರಿಸಿ ಹೇಳುತ್ತಾರೆ. ಆದರೆ ಅದು ನಡೆದದ್ದು ನನ್ನ ಅಂಗಡಿಯ ಗೋಡೆಯ ಆಚೆಗೆ. ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಾಳಿಗೆಯಲ್ಲಿ ಒಂದು ಕೋಣೆ ನನ್ನ ಹೊಲಿಗೆ ಯಂತ್ರಕ್ಕೆ, ಪಕ್ಕದ ಎರಡು ಕೋಣೆ ಭೋಜ ಎಂಬವನ ವೀಡಿಯೋ ಸ್ಟುಡಿಯೋಕ್ಕೆ. ನಡುವೆ ಇದ್ದದ್ದು ತೆಳು ಇಟ್ಟಿಗೆಯ ಗೋಡೆ. ಅಂಥ ಗೋಡೆಗೆ ಕಿವಿ ಇರುವುದಿಲ್ಲ, ಬಾಯಿಯೇ ಇರುತ್ತದೆ. ಬಾಲವಿಲ್ಲದ ಕಥೆ ಬೇಕಾದವರು ಇದನ್ನು ಓದಬಹುದು.

ತೊಂಬತ್ತರ ದಶಕದಲ್ಲಿ ಮುಂಡಪ್ಪ ಭೋಜನ ಜೊತೆಗೆ ಮದುವೆಗಳಿಗೆ ಹೋಗಿ ಲೈಟು ಹಿಡಿಯುತ್ತಿದ್ದ. ಆಗಿನ ವೀಡಿಯೋ ಕ್ಯಾಮರಾ ಎಂದರೆ ಹೆಗಲ ಮೇಲೆ ಕರು ಹೊತ್ತ ಹಾಗೆ. ಅಷ್ಟು ದೊಡ್ಡದಾದರೂ ಅದರ ಕಣ್ಣು ಮಂಜು. ಉದ್ದ ವಯರಿನ ತುದಿಯಲ್ಲಿ ಕಾದ ಕಾವಲಿಯಂಥ ಲೈಟನ್ನು ಎತ್ತಿ ಹಿಡಿಯಲು ಒಬ್ಬ ಬೇಕೇ ಬೇಕು. ಆ ಲೈಟು ಹತ್ತಿರ ಬಂದರೆ ಮದುಮಗಳ ಪೌಡರು ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. "ಇವತ್ತಿನ ಹೋಳಿಗೆ ನಿನ್ನ ಲೈಟಿನಲ್ಲೇ ಬೇಯಿಸುವಾ ಮುಂಡಪ್ಪ?" ಎಂದು ಅಡುಗೆಯವರು ಕೆಣಕುತ್ತಿದ್ದರು. ಮುಂಡಪ್ಪ ಮಾತಿಗೆ ಮಾತು ಕೊಡುವವನಲ್ಲ. ನಕ್ಕು ಸುಮ್ಮನಾಗುತ್ತಿದ್ದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಎಷ್ಟೋ ಮದುವೆಗಳಲ್ಲಿ ಅವನು ಇದ್ದ. ಒಂದು ಕ್ಯಾಸೆಟಿನಲ್ಲಿಯೂ ಅವನಿಲ್ಲ. ಬೆಳಕು ಹಿಡಿದವನು ಕತ್ತಲೆಯಲ್ಲೇ ನಿಲ್ಲಬೇಕಷ್ಟೆ.

ಅವನ ಅಪ್ಪ ಬೇಗ ತೀರಿಹೋಗಿದ್ದರು. ತಾಯಿ ಸುಂದರಿಯಕ್ಕ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ತಂಗಿ ಸುರಕ್ಷಾ ಅಣ್ಣನಿಗಿಂತ ತುಂಬ ಚಿಕ್ಕವಳು; ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

ಎರಡು ಸಾವಿರದ ಇಸವಿ ಕಳೆದ ಮೇಲೆ ಅಂಗೈಯಲ್ಲಿ ಹಿಡಿಯುವ ಕ್ಯಾಮರಾಗಳು ಬಂದವು. ಅವಕ್ಕೆ ಬೆಕ್ಕಿನ ಕಣ್ಣು, ಅರೆಗತ್ತಲೆಯಲ್ಲೂ ಕಾಣುತ್ತದೆ. ಲೈಟು ಹಿಡಿಯುವವನ ಅನ್ನಕ್ಕೆ ಕಲ್ಲು ಬಿತ್ತು. ಆಗ ಮುಂಬೈಯ ಏಜೆಂಟನೊಬ್ಬನ ಮೂಲಕ ಮುಂಡಪ್ಪನಿಗೆ ದುಬೈಯ ವೀಸಾ ಒದಗಿತು. ಬೆಳುವಾಯಿಯ ಭಜನಾ ಮಂಡಳಿಯವರು ಹಾರ ಹಾಕಿದರು. ನೆರೆಮನೆಯವರು ಉಪ್ಪಿನಕಾಯಿಯ ಭರಣಿ ಕಟ್ಟಿಕೊಟ್ಟರು. ಊರಿಡೀ ಬಸ್ಸಿನವರೆಗೆ ಬಂದು ಕಳಿಸಿಕೊಟ್ಟಿತು.

ಮುಂಬೈಗೆ ಹೋಗಿ ನೋಡಿದರೆ ಏಜೆಂಟನ ಆಫೀಸಿನ ಬಾಗಿಲಿಗೆ ಬೀಗ. ಬೀಗದ ಎದುರು ಇವನ ಹಾಗೆ ಹಾರ ಹಾಕಿಸಿಕೊಂಡು ಬಂದವರದ್ದೇ ಒಂದು ಜಾತ್ರೆ. ನಮ್ಮ ಊರಿನವರ ಹೋಟೆಲೊಂದರಲ್ಲಿ ಕೆಲವು ಸಮಯ ತಟ್ಟೆ ತೊಳೆದು, ಏಜೆಂಟನ ನೆರಳೂ ಕಾಣುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮುಂಡಪ್ಪ ಊರಿಗೆ ಹೊರಟ. ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಇಳಿದ. ಮೂಡುಬಿದಿರೆಯ ಬಸ್ಸು ಹೊರಡಲು ನಿಂತಿತ್ತು. ಹತ್ತುವ ಮೊದಲು ಭೋಜನಿಗೆ ಒಂದು ಮುಖ ತೋರಿಸಿ ಹೋಗುವ ಎಂದು ಮಾಳಿಗೆಗೆ ಬಂದ. ಅದೇ ಅವನಿಗೆ ಮುಳುವಾಯಿತು.

ಭೋಜ ಅವನನ್ನು ನೋಡಿ ಬಾಗಿಲು ಹಾಕಿದ. "ನಿನ್ನನ್ನು ಯಾರಾದ್ರೂ ನೋಡಿದ್ರಾ?"

"ಎಂತಕ್ಕೆ? ನಾನೇನು ಕದ್ದು ಬಂದದ್ದಾ?"

"ನೀನು ಹೋದ ವಾರದಲ್ಲೇ ಸುರಕ್ಷಾಳಿಗೆ ಸಂಬಂಧ ಬಂದಿದೆ ಮಾರಾಯ. ಬೆಳ್ತಂಗಡಿ ಕಡೆಯ ಹುಡುಗ. ಮನೀಷ್ ಅಂತ, ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಾತು ಮುಗಿಸಿದ್ದು ಅವನ ಸೋದರಮಾವ ನೋಣಯ್ಯ. ಹುಡುಗಿಯ ಅಣ್ಣ ದುಬೈಯಲ್ಲಿದ್ದಾನಲ್ಲ, ಮತ್ತೆ ಎಂತ ನೋಡ್ಲಿಕ್ಕುಂಟು ಅಂತ ವೀಳ್ಯ ಬದಲಾಯಿಸಿಯೇ ಹೋದದ್ದಂತೆ."

ಮುಂಡಪ್ಪ ಚೀಲವನ್ನು ಕೆಳಗಿಟ್ಟ. ಕೆಳಗೆ ಮೂಡುಬಿದಿರೆಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು.

"ನಾನೀಗ ಮನೆಗೆ ಹೋದ್ರೆ?"

"ನೀನು ಮನೆಗೆ ಹೋಗುವ ಹೊತ್ತಿಗೆ ಸಂಬಂಧವೂ ಅದರ ಮನೆಗೆ ಹೋಗ್ತದೆ. ಮದುವೆ ಮುಗಿಯುವವರೆಗೆ ಇಲ್ಲೇ ಇರು. ಒಳಗಿನ ಕೋಣೆ ಖಾಲಿಯೇ ಉಂಟು."

ಮೂರು ನಾಲ್ಕು ತಿಂಗಳ ಮಾತು ಅಲ್ಲವಾ ಎಂದು ಇಬ್ಬರೂ ಅಂದುಕೊಂಡರು. ಹೀಗೆ ಮುಂಡಪ್ಪ ಒಳಗಿನ ಕೋಣೆಗೆ ಹೋದ. ಗೊತ್ತಿದ್ದವರು ಇಬ್ಬರೇ: ಭೋಜ, ಮತ್ತು ಗೋಡೆಯ ಈಚೆಗಿದ್ದ ನಾನು.

ಆ ಕೋಣೆಯ ಒಂದು ಗೋಡೆಗೆ ಮೇಲಿಂದ ಕೆಳಗಿನವರೆಗೆ ಹಸಿರು ಬಟ್ಟೆ ಇಳಿಬಿಟ್ಟಿತ್ತು. ಎರಡು ಅಗಲವನ್ನು ಸೇರಿಸಿ ಹೊಲಿದುಕೊಟ್ಟವನು ನಾನೇ. ಹೊಲಿಗೆ ಕಾಣಬಾರದು, ಮಡಿಕೆ ಬೀಳಬಾರದು ಎಂದು ಭೋಜ ತಲೆ ತಿಂದಿದ್ದ. ಮನೆಯಲ್ಲಿ ವೀಡಿಯೋ ಜೋಡಿಸುವಂಥ ಒಂದು ಸಾಫ್ಟ್‌ವೇರು ಕಂಪ್ಯೂಟರಿನ ಜೊತೆಗೆ ಅವನಿಗೆ ಸಿಕ್ಕಿತ್ತು. ಹಸಿರು ಬಟ್ಟೆಯ ಎದುರು ಮನುಷ್ಯನನ್ನು ನಿಲ್ಲಿಸಿ ಚಿತ್ರ ತೆಗೆದರೆ, ಅದು ಹಸಿರನ್ನೆಲ್ಲ ತಿಂದುಬಿಡುತ್ತದೆ. ತಿಂದ ಜಾಗದಲ್ಲಿ ಊಟಿಯನ್ನೋ ಕಾಶ್ಮೀರವನ್ನೋ ತುಂಬಿಸಬಹುದು. ಭೋಜ ಮೊದಲ ಪ್ರಯೋಗ ಮಾಡಿದ್ದು ಒಂದು ಮದುಮಗಳ ಮೇಲೆ. ಅವಳು ಉಟ್ಟದ್ದು ಹಸಿರು ಸೀರೆ, ತೊಟ್ಟದ್ದು ಹಸಿರು ಬಳೆ. ಸಾಫ್ಟ್‌ವೇರಿಗೆ ಸೀರೆ ಯಾವುದು ಬಟ್ಟೆ ಯಾವುದು ಎಂದು ಯಾರು ಹೇಳಿಕೊಡಬೇಕು? ಅದು ಎರಡನ್ನೂ ತಿಂದಿತು. ಊಟಿಯ ಹೂದೋಟದ ಮೇಲೆ ಮದುಮಗಳ ತಲೆ ಮಾತ್ರ ತೇಲಿಕೊಂಡು ಹೋಗಿ ನಗುತ್ತಿತ್ತು. ಹುಡುಗಿಯ ಅಜ್ಜಿ ಅದನ್ನು ನೋಡಿ ಭೂತ ಮೆಟ್ಟಿತು ಎಂದು ಎದೆ ಹಿಡಿದುಕೊಂಡರಂತೆ. ಅಂದಿನಿಂದ ಬಟ್ಟೆ ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು.

ಮುಂಡಪ್ಪ ಬಂದ ಮೇಲೆ ಅದಕ್ಕೆ ಕೆಲಸ ಸಿಕ್ಕಿತು. ಮಗ ಹೋಗಿ ಒಂದು ಸುದ್ದಿಯೂ ಇಲ್ಲ ಎಂದು ಸುಂದರಿಯಕ್ಕ ಭೋಜನ ಹತ್ತಿರ ಬಂದು ಕಣ್ಣೊರೆಸಿಕೊಂಡರು. ಮುಂಡಪ್ಪ ಒಳಗೆ ಹಸಿರು ಬಟ್ಟೆಗೆ ತಲೆ ಆನಿಸಿ ಅದನ್ನು ಕೇಳಿಸಿಕೊಂಡ. ಅವರು ಹೋದ ಮೇಲೆ ಭೋಜನಿಗೆ ಉಪಾಯ ಹೊಳೆಯಿತು. ನರಿಕೊಂಬಿನ ಉಸ್ಮಾನ್ ನಿಜವಾಗಿ ದುಬೈಯಲ್ಲಿ ಇದ್ದವನು. ರಜೆಯಲ್ಲಿ ಬಂದಾಗ, ಅಲ್ಲಿ ತಾನು ತಿರುಗಾಡಿದ ಟೇಪನ್ನು ಸಿ.ಡಿ. ಮಾಡಿಡು ಎಂದು ಭೋಜನಿಗೆ ಕೊಟ್ಟುಹೋಗಿದ್ದ. ಕಡಲು, ದೋಣಿ, ಕಟ್ಟಡ ಎಲ್ಲ ಅದರಲ್ಲಿತ್ತು.

ಬಟ್ಟೆಗೆ ಬೇರೆ ಬೆಳಕು, ಮನುಷ್ಯನಿಗೆ ಬೇರೆ ಬೆಳಕು ಬೇಕು. ಬಟ್ಟೆಯ ಮೇಲೆ ನೆರಳು ಬಿದ್ದರೆ ನೆರಳೂ ದುಬೈಗೆ ಬರುತ್ತದೆ. ಲೈಟಿನ ವಿಷಯದಲ್ಲಿ ಮುಂಡಪ್ಪನಿಗೆ ಹೇಳಿಕೊಡುವವರು ಬೇಡ. ತಾನೇ ಲೈಟುಗಳನ್ನು ಕಟ್ಟಿ, ತಾನೇ ಬಂದು ಅದರ ಎದುರು ನಿಂತ. ಜೀವಮಾನದಲ್ಲಿ ಮೊದಲ ಸಲ ಬೆಳಕು ಅವನ ಮುಖದ ಮೇಲೆ ಬಿತ್ತು.

"ನಗು ಮಾರಾಯ. ದುಬೈಯಲ್ಲಿದ್ದಿ ನೀನು," ಎಂದ ಭೋಜ.

"ಅಲ್ಲಿ ಇದ್ದವರು ನಗ್ತಾರಾ?"

"ಉಸ್ಮಾನನ ಟೇಪಿನಲ್ಲಿ ಎಲ್ಲರೂ ನಗ್ತಾರೆ."

"ಅದು ಅವನು ರಜೆಯ ದಿವಸ ತೆಗೆದದ್ದು."

"ನಿನಗೂ ಇವತ್ತು ರಜೆ ಅಂತ ಮಾಡಿಕೊ."

ಮುಂಡಪ್ಪ ಹಲ್ಲು ತೋರಿಸಿದ. ಅಮ್ಮಾ, ನಾನು ಸೌಖ್ಯ, ಕುಚ್ಚಲಕ್ಕಿ ಇಲ್ಲಿ ಸಹ ಸಿಗ್ತದೆ, ನೀರಿಗೆ ತೊಂದರೆ ಇಲ್ಲ ಎಂದ. ಕಂಪ್ಯೂಟರು ಒಂದು ಹಗಲಿಡೀ ಗುರುಗುಟ್ಟಿ ಸಿ.ಡಿ.ಯನ್ನು ಹೆತ್ತಿತು. ಮಂಗಳೂರಿನ ಫಾರಿನ್ ಅಂಗಡಿಯಿಂದ ಸೋಪು, ಸೆಂಟು, ತಲೆನೋವಿನ ಮುಲಾಮು ತಂದು ಪೊಟ್ಟಣ ಕಟ್ಟಿದರು. ರಜೆಯಲ್ಲಿ ಬಂದವರೊಬ್ಬರ ಕೈಯಲ್ಲಿ ಮುಂಡಪ್ಪ ಕಳಿಸಿದ್ದು ಎಂದು ಭೋಜ ಬೆಳುವಾಯಿಗೆ ಕೊಂಡುಹೋಗಿ ಕೊಟ್ಟ. ಗಲ್ಫಿನಿಂದ ಯಾರೋ ತಂದರು ಎಂದರೆ ನಮ್ಮ ಕಡೆ ಯಾರೂ ಹೆಚ್ಚು ಕೇಳುವುದಿಲ್ಲ. ಎಲ್ಲರ ಸಾಮಾನೂ ಯಾರದೋ ಕೈಯಲ್ಲೇ ಬರುವುದು.

ಆಮೇಲಿನ ದಿನಗಳು ಹೇಗಿದ್ದವು ಎಂದು ಗೋಡೆಯ ಈಚೆಯಿಂದ ನನಗೆ ಗೊತ್ತು. ಕಿಟಕಿಯ ಗಾಜಿಗೆ ಭೋಜ ಪೇಪರು ಅಂಟಿಸಿದ್ದ. ಬೀದಿಯಲ್ಲಿ ಹೋಗುವವರಲ್ಲಿ ಬೆಳುವಾಯಿಯವರು ಯಾರಾದರೂ ಇರಬಹುದು. ಮುಂಡಪ್ಪ ಕೆಮ್ಮಲೂ ಹೆದರುತ್ತಿದ್ದ. ಗಿರಾಕಿಗಳು ಬಂದರೆ ಕುರ್ಚಿ ಸದ್ದಾಗದ ಹಾಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ಕೆಳಗೆ ದಿನವಿಡೀ ಮೂಡುಬಿದಿರೆಯ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಹತ್ತಿ ಕೂತರೆ ಮಧ್ಯಾಹ್ನದ ಗಂಜಿಗೆ ಮನೆಗೆ ಮುಟ್ಟಬಹುದು. ಸಮುದ್ರ ದಾಟಿದವನಿಗೂ ಮನೆ ಇಷ್ಟು ದೂರ ಇರಲಿಕ್ಕಿಲ್ಲ.

ಕೂತು ಏನು ಮಾಡುವುದು? ಭೋಜ ಚಿತ್ರ ತೆಗೆದು ತರುತ್ತಿದ್ದ ಮದುವೆಗಳನ್ನು ಮುಂಡಪ್ಪ ಕಂಪ್ಯೂಟರಿನಲ್ಲಿ ಜೋಡಿಸಲು ಕಲಿತ. ಕೆಲಸ ಅವನ ಕೈಗೆ ಬೇಗ ಹತ್ತಿತು. ಒಂದು ದಿನ ಭೋಜ ಬೆಳುವಾಯಿಯದ್ದೇ ಮದುವೆಯೊಂದರ ಟೇಪು ತಂದ. ಪರದೆಯ ಮೇಲೆ ತನ್ನ ಊರು, ತನ್ನ ನೆರೆಹೊರೆ. ಹಾರ ಹಾಕಿದ ಭಜನಾ ಮಂಡಳಿಯವರು ಸಾಲಾಗಿ ಕೂತು ಪಾಯಸ ಹೀರುತ್ತಿದ್ದರು. ಊಟದ ಪಂಕ್ತಿಯ ತುದಿಯಲ್ಲಿ ಸುಂದರಿಯಕ್ಕ ಇದ್ದರು. ಕ್ಯಾಮರಾ ಅವರನ್ನು ದಾಟಿ ಹೋಗುವಾಗ ಅವರ ಮಾತು ಟೇಪಿಗೆ ಸಿಕ್ಕಿತ್ತು.

"ನಮ್ಮ ಮುಂಡಪ್ಪ ಬಿಸಿಲಿಗೆ ಕಪ್ಪಾಗ್ಲಿಲ್ಲ ನೋಡಿ. ಬೆಳ್ಳಗಾಗಿದ್ದಾನೆ. ದುಬೈಯಲ್ಲಿ ಎಲ್ಲ ಕಡೆ ಎ.ಸಿ. ಅಂತೆ."

ಮುಂಡಪ್ಪ ಬೆಳ್ಳಗಾದದ್ದು ಸುಳ್ಳಲ್ಲ. ಬಿಸಿಲು ಕಾಣದ ಕೆಸುವಿನ ದಂಟಿನ ಹಾಗೆ ಆಗಿದ್ದ. ಆ ತುಂಡನ್ನು ಅವನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದನೋ. ಗೋಡೆಯ ಈಚೆಗೆ ನನಗೆ ಆ ಮಾತು ಬಾಯಿಪಾಠವೇ ಆಗಿಹೋಯಿತು.

ಸುಳ್ಳು ಎನ್ನುವುದು ಕಾಡುಬಳ್ಳಿಯ ಹಾಗೆ, ನೆಟ್ಟವನ ಕಾಲನ್ನೇ ಮೊದಲು ಸುತ್ತುವುದು. ಒಂದು ಸಿ.ಡಿ. ಕಳಿಸಿದರೆ ಎರಡನೆಯದನ್ನು ಕೇಳುತ್ತಾರೆ. ಎರಡನೆಯದನ್ನು ಕೇಳಿದ್ದು ನೋಣಯ್ಯ. ಬೆಳುವಾಯಿಗೆ ಬಂದು ಮೊದಲಿನದನ್ನು ನೋಡಿದ ಅವರು ಸುಂದರಿಯಕ್ಕನ ಹತ್ತಿರ, "ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಮದುವೆ ಆದ ಮೇಲೆ ಮನೀಷನಿಗೂ ಅಲ್ಲಿ ಒಂದು ವೀಸಾ ನೋಡ್ಲಿ. ಭಾವ ಭಾವ ಒಟ್ಟಿಗೆ ಇರ್ಲಿ," ಎಂದರು. ಸುಂದರಿಯಕ್ಕ ಅದನ್ನು ಭೋಜನಿಗೆ ಹೇಳಿದರು. ಭೋಜ ಒಳಗೆ ಬಂದು ಹೇಳಿದ.

"ಈಗ ಎಂತ ಹೇಳುವುದು?" ಎಂದ ಮುಂಡಪ್ಪ.

"ನೋಡುವ ಅಂತ ಹೇಳು. ದುಬೈಯಲ್ಲಿ ಇದ್ದವರೆಲ್ಲ ಅದನ್ನೇ ಹೇಳುವುದು. ಆಗುವುದಿಲ್ಲ ಅಂತ ಯಾರಾದ್ರೂ ಹೇಳಿದ್ದು ಕೇಳಿದ್ದಿಯಾ?"

ಈ ಸಲ ಹಿಂದೆ ದೊಡ್ಡ ಅಂಗಡಿಯೊಂದರ ದೀಪಗಳು. ಮುಂಡಪ್ಪ ಒಗೆದ ಅಂಗಿ ಹಾಕಿ ನಿಂತು, "ಭಾವನ ವಿಷಯ ನೋಡುವ," ಎಂದ. ಅವನಿಗೆ ಅದು ಜಾರಿಕೊಳ್ಳುವ ಮಾತು. ನೋಣಯ್ಯನ ಕಿವಿಗೆ ಅದು ವೀಸಾದ ಮೇಲಿನ ಮೊಹರು.

ಮದುವೆಗೆ ಒಂದೂವರೆ ತಿಂಗಳು ಇರುವಾಗ ಸುರಕ್ಷಾ ಒಬ್ಬಳೇ ಸ್ಟುಡಿಯೋಕ್ಕೆ ಬಂದಳು. ಮಧ್ಯಾಹ್ನದ ಹೊತ್ತು. ಭೋಜ ಉಂಡು ಬಂದು ಕೂತಿದ್ದ.

"ಭೋಜಣ್ಣ, ಒಂದು ವಿಷಯ ಕೇಳ್ಲಿಕ್ಕಿತ್ತು."

"ಕೇಳು ಮಾರಾಯ್ತಿ. ಮದುವೆಯ ವೀಡಿಯೋದ ವಿಷಯವಾ?"

"ಅಲ್ಲ. ದುಬೈಯಿಂದ ಸಿದ್ಧಕಟ್ಟೆಗೆ ಬಸ್ಸು ಉಂಟಾ?"

ಭೋಜ ಕಿಸೆಯಿಂದ ಕರವಸ್ತ್ರ ತೆಗೆದ. "ಎಂತ ಕೇಳುವುದು ನೀನು?"

"ಅಣ್ಣ ನೀರಿಗೆ ತೊಂದರೆ ಇಲ್ಲ ಅಂತ ಹೇಳುವಾಗ ಹಿಂದೆ ಒಬ್ಬ ಸಿದ್ಧಕಟ್ಟೆ, ಮೂಡ್ಬಿದ್ರೆ, ಮೂಡ್ಬಿದ್ರೆ ಅಂತ ಕರೀತಾನೆ. ಎರಡನೇ ಸಿ.ಡಿ.ಯಲ್ಲಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ ಅಂತ ಯಾರಿಗೋ ಬೈತಾನೆ ಸಹ."

ಕಡೆಯುವ ಕಲ್ಲಿನ ಮಗ್ಗುಲಲ್ಲಿ ಮಲಗುವ ಬೆಕ್ಕಿಗೆ ಅದರ ಸದ್ದು ಕೇಳುವುದಿಲ್ಲ. ಬಿ.ಸಿ.ರೋಡಿನವರಿಗೆ ಕಂಡಕ್ಟರನ ಕೂಗು ಹಾಗೆ. ಬೆಳಗಿನಿಂದ ಸಂಜೆಯವರೆಗೆ ಕಿವಿಯ ಮೇಲೆ ಬಿದ್ದು ಬಿದ್ದು ಅದು ಗಾಳಿಯೇ ಆಗಿಹೋಗಿದೆ. ಭೋಜ ಹಸಿರಿನ ಒಂದು ಚುಕ್ಕೆಯೂ ಉಳಿಯದ ಹಾಗೆ ಕೂದಲಿನ ಅಂಚನ್ನು ಕೆರೆದು ಕೆರೆದು ತೆಗೆದಿದ್ದ. ಸಾಫ್ಟ್‌ವೇರು ತಿನ್ನುವುದು ಬಣ್ಣವನ್ನು ಮಾತ್ರ. ಸ್ವರ ಇದ್ದ ಹಾಗೆಯೇ ಇತ್ತು. ಭೋಜನಿಗೂ ಅದು ಕೇಳಿಸಲಿಲ್ಲ, ಮುಂಡಪ್ಪನಿಗೂ ಕೇಳಿಸಲಿಲ್ಲ. ಕೇಳಿಸಿದ್ದು ದಿನಾ ಅದೇ ಮೂಡುಬಿದಿರೆಯ ನಿಲ್ದಾಣದಲ್ಲಿ ಬಸ್ಸು ಕಾಯುವ ಹುಡುಗಿಗೆ.

"ಅಮ್ಮನಿಗೆ ಗೊತ್ತುಂಟಾ?" ಎಂದ ಭೋಜ ಮೆಲ್ಲಗೆ.

"ಅಮ್ಮನಿಗೆ ಎಲ್ಲಿ ಕೇಳ್ತದೆ? ಟಿ.ವಿ. ಹಾಕಿದ ಕೂಡ್ಲೇ ಅವರೇ ಮಾತಾಡ್ಲಿಕ್ಕೆ ಸುರು ಮಾಡ್ತಾರೆ. ಬಂದವರಿಗೆ ಅಣ್ಣನ ಸ್ವರವೇ ಸಿಕ್ಕುವುದಿಲ್ಲ, ಮತ್ತೆ ಕಂಡಕ್ಟರನದ್ದು ಎಲ್ಲಿ? ಅಣ್ಣ ಎಲ್ಲಿದ್ದಾನೆ?"

ಭೋಜ ಒಳಗಿನ ಬಾಗಿಲನ್ನು ನೋಡಿದ. ಅವಳು ಅದನ್ನು ದೂಡಿಕೊಂಡು ಹೋದಳು. ಮುಂಡಪ್ಪ ಬನಿಯನಿನಲ್ಲಿ ಕಂಪ್ಯೂಟರಿನ ಎದುರು ಕೂತಿದ್ದ. ಏಳಲೂ ಇಲ್ಲ. ಸುರಕ್ಷಾ ಕೋಣೆಯನ್ನು ಒಂದು ಸುತ್ತು ನೋಡಿದಳು.

"ದುಬೈ ತುಂಬ ಸಣ್ಣದುಂಟಲ್ಲ, ಅಣ್ಣ."

ಅವನು ಮುಖ ತಗ್ಗಿಸಿದ. ಅವಳು ಚೀಲದಿಂದ ಒಂದು ಲಕೋಟೆ ತೆಗೆದು ಅವನ ಎದುರು ಇಟ್ಟಳು. ಅದರಲ್ಲಿ ಒಬ್ಬ ಹುಡುಗನ ನಾಲ್ಕು ಸಣ್ಣ ಫೋಟೋ, ಪಾಸ್‌ಪೋರ್ಟಿನ ಜೆರಾಕ್ಸು.

"ಇದು ಮನೀಷ್. ಮುಖ ಸರಿ ನೋಡಿಟ್ಟುಕೊ. ನಿನಗೆ ಕಳಿಸಿಕೊಡ್ಲಿಕ್ಕೆ ಅಂತ ನೋಣಯ್ಯ ಮಾವ ಅಮ್ಮನ ಕೈಯಲ್ಲಿ ಕೊಟ್ಟದ್ದು. ಭೋಜಣ್ಣನಿಗೆ ನಾನು ಮುಟ್ಟಿಸ್ತೇನೆ ಅಂತ ತಂದೆ. ವೀಸಾ ಬರ್ತದಲ್ಲ, ಈ ತಿಂಗಳು ಮುಗಿಯುವಾಗ ಗ್ಯಾರೇಜಿನ ಕೆಲಸ ಬಿಡು ಅಂತ ಇವರಿಗೆ ಹೇಳಿದ್ದಾರಂತೆ."

"ನಾನು ನೋಡುವ ಅಂತ ಮಾತ್ರ ಹೇಳಿದ್ದು."

"ಅದನ್ನು ನೀನೇ ನೋಣಯ್ಯ ಮಾವನಿಗೆ ಹೇಳು."

"ಮದುವೆ ಒಂದು ಮುಗೀಲಿ, ಸುರಕ್ಷಾ. ಆಮೇಲೆ ಎಲ್ಲ ಹೇಳುವ."

"ಆಮೇಲೆ ಹೇಳುವುದು ಯಾರು? ನೀನು ಇಲ್ಲಿ ಬಾಗಿಲು ಹಾಕಿ ಕೂತಿರ್ತಿ. ವೀಸಾ ಎಲ್ಲಿಗೆ ಮುಟ್ಟಿತು ಅಂತ ದಿನಾ ಉಣ್ಣುವಾಗ ಕೇಳುವುದು ನನ್ನ ಹತ್ತಿರ. ನೀನು ಕೂತ ಕೋಣೆಯಲ್ಲಿ ಆಗ ನಾನು ಕೂತುಕೊಳ್ಬೇಕಲ್ಲ."

"ಈಗ ಹೇಳಿದ್ರೆ ಸಂಬಂಧ ಮುರೀತದೆ."

ಸುರಕ್ಷಾಳ ಸ್ವರ ಸ್ವಲ್ಪ ಇಳಿಯಿತು. "ಮುರೀಲಿ ಅಂತ ನಾನು ಹೇಳುವುದಿಲ್ಲ. ನನಗೆ ಅವರನ್ನು ಮನಸ್ಸಾಗಿದೆ. ಹಾಗಾಗಿಯೇ ಹೇಳ್ತಾ ಇದ್ದೇನೆ. ಇದ್ದ ಕೆಲಸ ಬಿಟ್ಟು, ಹಾರ ಹಾಕಿಸಿಕೊಂಡು ಅವರು ಯಾವ ಬಾಗಿಲಿಗೆ ಹೋಗಿ ನಿಲ್ಲುವುದು?"

ಅವಳು ಬಸ್ಸಿಗೆ ಹೋದಳು. ಫೋಟೋಗಳು ಮೇಜಿನ ಮೇಲೆ ಉಳಿದವು. ಮುಂಬೈಯ ಏಜೆಂಟನೂ ಮುಂಡಪ್ಪನ ಹತ್ತಿರ ಇಂಥದ್ದೇ ನಾಲ್ಕು ಫೋಟೋ ಕೇಳಿದ್ದ. ಗಾಳ ನುಂಗಿದ ಮೀನು ಎಂದು ಮುಂಡಪ್ಪ ತನ್ನನ್ನು ತಿಳಿದುಕೊಂಡಿದ್ದ. ಈಗ ನೋಡಿದರೆ ತಾನೇ ಗಾಳವಾಗಿ ಇನ್ನೊಬ್ಬನ ಬಾಯಿಗೆ ಹೋಗಿದ್ದಾನೆ. ಹೇಳಿದರೆ ತಂಗಿಯ ಮದುವೆ ಹೋಯಿತು. ಹೇಳದಿದ್ದರೆ ಆ ಹುಡುಗನ ಬದುಕು ಹೋಯಿತು, ಅದರ ಜೊತೆಗೆ ತಂಗಿಯದ್ದೂ. ಎರಡು ಹಗಲು ಅವನು ಊಟದ ತಟ್ಟೆ ಮುಟ್ಟಲಿಲ್ಲ. ಗೋಡೆಯ ಈಚೆಗೆ ನಾನೂ ಯಂತ್ರ ತುಳಿಯದೆ ಕೂತದ್ದುಂಟು. ಇಂಥದ್ದಕ್ಕೆ ಹೊರಗಿನವನು ಬುದ್ಧಿ ಹೇಳಿದರೆ ಅದು ಬುದ್ಧಿಯಲ್ಲ, ಭಾರ.

ಮೂರನೆಯ ದಿನ ಅವನೇ ಲೈಟುಗಳನ್ನು ಕಟ್ಟಿದ. ಭೋಜನನ್ನು ಕರೆದ.

"ಹಿಂದೆ ಈ ಸಲ ಎಂತ ಹಾಕುವುದು?" ಎಂದ ಭೋಜ.

"ಎಂತದ್ದೂ ಬೇಡ. ಬಟ್ಟೆ ಹಾಗೆಯೇ ಇರ್ಲಿ. ಇದನ್ನು ಬೆಳ್ತಂಗಡಿಗೆ ಕಳಿಸು."

ಅಲ್ಲಿ ನಡೆದದ್ದನ್ನು ಆಮೇಲೆ ಮನೀಷನೇ ಹೇಳಿದ. ದುಬೈಯಿಂದ ವೀಸಾದ ಸುದ್ದಿ ಬಂದಿದೆ ಎಂದು ನೋಣಯ್ಯ ನೆರೆಮನೆಯವರನ್ನೆಲ್ಲ ಕರೆದು ಕೂರಿಸಿದ್ದರಂತೆ. ಸಿ.ಡಿ. ಹಾಕಿದರೆ ಪರದೆಯಿಡೀ ಹಸಿರು, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮುಂಡಪ್ಪ.

"ದುಬೈ ಬರುವುದಿಲ್ಲವಲ್ಲ. ಆ ವಯರು ಸರಿ ಸಿಕ್ಕಿಸು," ಎಂದರು ನೋಣಯ್ಯ. ಒಬ್ಬ ಎದ್ದು ಟಿ.ವಿ.ಯ ನೆತ್ತಿಗೆ ಬಡಿದ. "ಹೊಸ ರೂಮಿಗೆ ಪೈಂಟು ಹೊಡೆದದ್ದಾಗಿರ್ಬೇಕು," ಎಂದಳು ಒಬ್ಬಳು.

ಅಷ್ಟರಲ್ಲಿ ಮುಂಡಪ್ಪ ಮಾತಾಡತೊಡಗಿದ. "ಮನೀಷ್, ನಾನು ಸುರಕ್ಷಾಳ ಅಣ್ಣ. ನಾನು ದುಬೈಯಲ್ಲಿಲ್ಲ, ಬಿ.ಸಿ.ರೋಡಿನಲ್ಲಿದ್ದೇನೆ. ಏಜೆಂಟ ನನಗೆ ಮೋಸ ಮಾಡಿದ. ನಾನು ನಿಮಗೆ ಮಾಡಿದೆ. ಅಮ್ಮನಿಗೆ ಇದು ಗೊತ್ತಿಲ್ಲ. ತಂಗಿಗೆ ಮೊನ್ನೆಯಷ್ಟೇ ಗೊತ್ತಾದದ್ದು. ಹೇಳು ಅಂತ ಹೇಳಿದ್ದು ಅವಳೇ. ನೀವು ಕೆಲಸ ಬಿಡ್ಬೇಡಿ. ಅಷ್ಟು ಹೇಳ್ಲಿಕ್ಕೆ ಇದು."

ಸಿ.ಡಿ. ಮುಗಿದ ಕೂಡಲೇ ನೆರೆಮನೆಯವರು ಒಬ್ಬೊಬ್ಬರಾಗಿ ಎದ್ದರಂತೆ. ಒಬ್ಬರಿಗೆ ಡೈರಿಗೆ ಹಾಲು ಕೊಡಲಿತ್ತು, ಒಬ್ಬರಿಗೆ ಕೋಳಿ ಒಳಗೆ ಮಾಡಲಿತ್ತು.

ನೋಣಯ್ಯ ಸುಂದರಿಯಕ್ಕನ ನೆರೆಮನೆಗೆ ಫೋನು ಮಾಡಿ ಅವರನ್ನು ಕರೆಸಿ ಬಾಯಿಗೆ ಬಂದದ್ದು ಹೇಳಿದರು. ಮಾರನೆಯ ದಿನ ಸುಂದರಿಯಕ್ಕ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ಮಗನನ್ನು ನೋಡಿದರು.

"ಎ.ಸಿ.ಯಲ್ಲಿ ಬೆಳ್ಳಗಾದದ್ದು ಅಂತ ಊರಿಡೀ ಹೇಳಿಕೊಂಡು ಬಂದೆನಲ್ಲ ನಾನು," ಎಂದರು.

ಅಷ್ಟೇ. ಮನೆಗೆ ಬಾ ಎಂದು ಹೇಳಲಿಲ್ಲ. ಮುಂಡಪ್ಪ ಬರುತ್ತೇನೆ ಎಂದೂ ಹೇಳಲಿಲ್ಲ. ಈಗ ಕಿಟಕಿಯ ಪೇಪರು ಹರಿದರೂ ಅಡ್ಡಿಯಿಲ್ಲ, ಬಾಗಿಲು ತೆರೆದಿಟ್ಟರೂ ಅಡ್ಡಿಯಿಲ್ಲ. ಆದರೂ ಅವನು ಹೊಸ್ತಿಲು ದಾಟಲಿಲ್ಲ. ಮೊದಲು ಯಾರಾದರೂ ನೋಡಿಬಿಟ್ಟಾರು ಎಂಬ ಹೆದರಿಕೆ. ಈಗ ಎಲ್ಲರೂ ನೋಡುತ್ತಾರೆ ಎಂಬ ಹೆದರಿಕೆ. ಬೆಳ್ತಂಗಡಿಯಿಂದ ಹೌದು ಎಂದೂ ಬರಲಿಲ್ಲ, ಇಲ್ಲ ಎಂದೂ ಬರಲಿಲ್ಲ. ಬೆಳುವಾಯಿಯಲ್ಲಿ ಸುರಕ್ಷಾ ಅಂಗಡಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕಿದವರು ದುಬೈಯಲ್ಲಿ ಮಳೆ ಹೇಗುಂಟು ಎಂದು ಕೇಳುತ್ತಿದ್ದರಂತೆ. ಅವಳು ತಲೆಯೆತ್ತಿಯೇ ಹೋಗುತ್ತಿದ್ದಳು.

ಹಾಗಿರುವಾಗ ಒಂದು ಆದಿತ್ಯವಾರ ಒಬ್ಬ ಹುಡುಗ ಮೆಟ್ಟಿಲು ಹತ್ತಿಬಂದ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ನೇರ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ. ಫೋಟೋ ನೋಡಿದ್ದರಿಂದ ಮುಂಡಪ್ಪನಿಗೆ ಗುರುತಾಯಿತು. ಎದ್ದು ಗೋಡೆಗೆ ಒತ್ತಿ ನಿಂತ.

"ಇದಾ ನಿಮ್ಮ ದುಬೈ?" ಎಂದ ಮನೀಷ್ ಬಟ್ಟೆಯನ್ನು ಮುಟ್ಟಿ ನೋಡುತ್ತ.

"ಬೈಯುವುದಿದ್ರೆ ಬೈದುಬಿಡಿ."

"ಬೈಯಲಿಕ್ಕೆ ಮಾವ ಇದ್ದಾರಲ್ಲ. ನಾನು ಬೇರೆ ವಿಷಯಕ್ಕೆ ಬಂದದ್ದು. ನನಗೆ ದುಬೈ ಬೇಡ ಇತ್ತು. ಗ್ಯಾರೇಜಿನವರು ನನ್ನನ್ನು ಪಾಲಿಗೆ ಸೇರಿಸ್ತೇವೆ ಅಂತ ಹೇಳಿದ್ದಾರೆ. ಮನೆಯಲ್ಲಿ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಮಾವ ಮಾತಾಡಿದ ಮೇಲೆ ನಮ್ಮ ಮನೆಯಲ್ಲಿ ಬೆಕ್ಕು ಸಹ ಕೂಗುವುದಿಲ್ಲ. ಪಾಸ್‌ಪೋರ್ಟ್ ಮಾಡಿಸು ಅಂದ್ರು, ಮಾಡಿಸಿದೆ. ಫೋಟೋ ತೆಗೆಸು ಅಂದ್ರು, ತೆಗೆಸಿದೆ. ನಿಮ್ಮ ಸಿ.ಡಿ. ಬಾರದಿದ್ರೆ ನಾನು ವಿಮಾನಕ್ಕೂ ಹತ್ತಿಬಿಡ್ತಿದ್ದೆ ಏನೋ."

ಮುಂಡಪ್ಪ ಅವನನ್ನು ಮೊದಲ ಸಲ ನೇರ ನೋಡಿದ. "ಮಾವ ಈಗ ಎಂತ ಹೇಳ್ತಾರೆ?"

"ಸಂಬಂಧ ಬೇಡ ಅಂತಾರೆ. ಅಮ್ಮ ಅವರ ಎದುರು ಆಚೆಗೆ ತಲೆ ಆಡಿಸ್ತಾರೆ, ನನ್ನ ಎದುರು ಈಚೆಗೆ. ನಾನು ಕೆಲಸ ಬಿಡ್ಲಿಲ್ಲ. ಹುಡುಗಿಯನ್ನೂ ಬಿಡುವುದಿಲ್ಲ. ನಿನ್ನೆ ಮಾವನ ಮುಖ ನೋಡಿಯೇ ಹೇಳಿದೆ. ಅವರು ಊಟ ಬಿಟ್ಟು ಎದ್ದುಹೋದ್ರು. ಹೋಗ್ಲಿ." ಅವನು ಸ್ವಲ್ಪ ತಡೆದ. "ಆದ್ರೆ ನನ್ನದೊಂದು ಮಾತುಂಟು, ಭಾವ. ದಿಬ್ಬಣ ಬರುವಾಗ ನನ್ನ ಕಾಲಿಗೆ ನೀರು ಕೊಟ್ಟು ಮಂಟಪಕ್ಕೆ ಕರ್ಕೊಂಡು ಹೋಗುವವರು ನೀವೇ ಆಗ್ಬೇಕು. ಹುಡುಗಿಯ ಅಣ್ಣ ಇರುವಾಗ ಬೇರೆಯವರನ್ನು ನಿಲ್ಲಿಸಿದ್ರೆ ನಾನು ಒಳಗೆ ಬರುವುದಿಲ್ಲ."

"ನನ್ನನ್ನು ನೋಡಿದ್ರೆ ಜನ ನಗ್ತಾರೆ."

"ನನ್ನನ್ನೂ ನೋಡಿ ನಗ್ತಾರೆ. ಹಂಚಿಕೊಳ್ಳುವ."

ಮುಂಡಪ್ಪನಿಗೆ ಅದು ಸಣ್ಣ ಮಾತಲ್ಲ. ಕೋಣೆಯಿಂದ ನೇರ ಸಾವಿರ ಕಣ್ಣಿನ ಎದುರಿಗೆ. ಆಗುವುದಿಲ್ಲ ಎಂದು ಅವನ ನಾಲಿಗೆಯ ತುದಿಗೆ ಬಂದಿತ್ತೆಂದು ಭೋಜ ಹೇಳುತ್ತಾನೆ. ನೋಡುವ ಎಂದೂ ಹೇಳಬಹುದಿತ್ತು. ಎರಡನ್ನೂ ಹೇಳಲಿಲ್ಲ. "ಬರ್ತೇನೆ," ಎಂದ.

ಮದುವೆ ಮೂಡುಬಿದಿರೆಯ ಒಂದು ಸಣ್ಣ ಸಭಾಭವನದಲ್ಲಿ. ಕರೆದವರಿಗಿಂತ ಹೆಚ್ಚು ಜನ ಬಂದಿದ್ದರು. ಮದುವೆ ನೋಡಲಿಕ್ಕಲ್ಲ ಎಂದು ಎಲ್ಲರಿಗೂ ಗೊತ್ತು. ವಾಲಗ ಸಮೀಪಿಸಿತು. ದಿಬ್ಬಣ ಬಾಗಿಲಿಗೆ ಮುಟ್ಟಿತು. ನಾನು ಹೊಲಿದುಕೊಟ್ಟ ಬಿಳಿ ಅಂಗಿ ಹಾಕಿಕೊಂಡು, ನೀರು ತುಂಬಿದ ಗಿಂಡಿ ಹಿಡಿದು ಮುಂಡಪ್ಪ ಬಾಗಿಲಲ್ಲಿ ನಿಂತಿದ್ದ. ಎರಡೂ ಕಡೆಯವರು ಅವನನ್ನು ಸುತ್ತಿ ಇರುಕಿದರು. ಹಿಂದೆ ಇದ್ದವರು ಮುಂದಿದ್ದವರ ಹೆಗಲ ಮೇಲಿಂದ ಕತ್ತು ಚಾಚಿದರು. ಮದುಮಗನನ್ನು ಯಾರೂ ನೋಡುತ್ತಿರಲಿಲ್ಲ. ಮುಂಡಪ್ಪನ ಕುತ್ತಿಗೆಯಿಂದ ಬೆವರು ಇಳಿದು ಅಂಗಿಯ ಬೆನ್ನು ಒದ್ದೆಯಾಗಿತ್ತು. ಓಡಿಹೋಗಲು ಬೆರಳು ತೂರುವಷ್ಟು ಜಾಗವಿರಲಿಲ್ಲ.

ಅವನು ಬಗ್ಗಿ ಭಾವನ ಬಲಗಾಲಿಗೆ ನೀರು ಬಿಟ್ಟ. ಬರುವುದೇ ಇಲ್ಲ ಎಂದಿದ್ದ ನೋಣಯ್ಯ ದಿಬ್ಬಣದ ಮೊದಲ ಸಾಲಿನಲ್ಲೇ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡರು.

"ದುಬೈಯ ವಿಮಾನ ಎಷ್ಟು ಗಂಟೆಗೆ ಇಳಿಯಿತು, ಮುಂಡಪ್ಪ?"

ವಾಲಗದವರು ಕೂಡ ಉಸಿರೆಳೆದುಕೊಳ್ಳಲು ನಿಲ್ಲಿಸಿದ್ದರು. ಬಾಗಿಲ ಬದಿಯಲ್ಲಿ ನಿಂತ ಸುಂದರಿಯಕ್ಕ ಮಗನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟರು. ಮುಂಡಪ್ಪ ಗಿಂಡಿಯನ್ನು ನೆಟ್ಟಗೆ ಹಿಡಿದು ತಲೆಯೆತ್ತಿದ.

"ಇಳೀಲಿಲ್ಲ ಮಾವ. ನಾನು ಹತ್ತಲೇ ಇಲ್ಲವಲ್ಲ."

ಮೊದಲು ನಕ್ಕದ್ದು ಮನೀಷ್. ಮತ್ತೆ ಬೆಳುವಾಯಿಯವರು ನಕ್ಕರು, ಬೆಳ್ತಂಗಡಿಯವರು ನಕ್ಕರು. ಅದರಲ್ಲಿ ಕೆಲವರದ್ದು ಒಳ್ಳೆಯ ನಗು, ಕೆಲವರದ್ದು ಅಲ್ಲ. ಸುಂದರಿಯಕ್ಕ ನಗಲಿಲ್ಲ. ಮಗನ ಹೆಗಲಿನಿಂದ ಜಾರುತ್ತಿದ್ದ, ಕಾಲೊರೆಸುವ ಬೈರಾಸನ್ನು ಎತ್ತಿ ಅವನಿಗೆ ಕೊಟ್ಟರು.

ಮನೀಷ್ ಎಡಗಾಲನ್ನು ಮುಂದಿಟ್ಟ. ಮುಂಡಪ್ಪ ಅದಕ್ಕೂ ನೀರು ಬಿಟ್ಟು, ಎರಡೂ ಕಾಲನ್ನು ಒರೆಸಿ, ಭಾವನ ಕೈ ಹಿಡಿದುಕೊಂಡ. "ಸ್ವಲ್ಪ ದಾರಿ ಬಿಡಿ," ಎಂದ. ಜನ ಅತ್ತ ಇತ್ತ ಸರಿದರು. ಅವನು ಅವರ ನಡುವೆ ನಡೆದುಕೊಂಡು ಹೋದ.